ಬೀಸುಕಲ್ಲಿನಡಿಯ ಫೋಮ್

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಇನ್ನೂ ಒಂದು ಅಂಗಡಿಯೂ ಬಾಗಿಲು ತೆರೆದಿಲ್ಲ. ಸಖೂಬಾಯಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಬೀಸುಕಲ್ಲು ಎತ್ತಿ ಬದಿಗಿಡುತ್ತಾರೆ. ಅದರಡಿಯಲ್ಲಿ ರಾತ್ರಿಯಿಡೀ ಒಂದು ಫೋಮ್ ತುಂಡು ಅಪ್ಪಚ್ಚಿಯಾಗಿ ಬಿದ್ದಿತ್ತು. ಚಹಾ ಕುಡಿಯುತ್ತ ಅದನ್ನೇ ದಿಟ್ಟಿಸುತ್ತಾರೆ. ಲೋಟ ಬರಿದಾಗುವುದರೊಳಗೆ ತುಂಡು ಮೊದಲಿನಂತೆ ಎದ್ದರೆ ಕುರ್ಚಿಯ ಮೆತ್ತೆಗೆ, ಇಲ್ಲವಾದರೆ ಮಾರಿದವನಿಗೇ ವಾಪಸು.

"ಚಲೋ ಮಾಲ್ ಐತಿ ಅಂತಾನ್ರಿ ಮಾರಾಂವ," ಎನ್ನುತ್ತಾರೆ ಸಖೂಬಾಯಿ. " ಕೆಟ್ಟ ಐತಿ ಅಂತ ಹೇಳಿ ಯಾರರೆ ಮಾರ್ತಾರೇನು?"

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಗಂಡನೊಂದಿಗೆ ಹತ್ತಿ ಗಾದಿ ತುಂಬುತ್ತಿದ್ದವರು ಅವರು. ಕಾರ್ಖಾನೆಯ ಗಾದಿ ಬಂದು ಆ ಕಸುಬು ಕುಸಿಯಿತು, ಗಂಡನೂ ತೀರಿಕೊಂಡರು. ಆಗ ಕೈ ಹಿಡಿದದ್ದು ಹಳೆಯ ಕುರ್ಚಿಗಳಿಗೆ ಹೊಸ ಮೆತ್ತೆ ಕೂಡಿಸುವುದು. ಕೆಲಸವಿದ್ದ ದಿನ ಎರಡು ಕುರ್ಚಿ ಮುಗಿಯುತ್ತವೆ, ಇಲ್ಲದ ದಿನ ಒಂದು ಸ್ಟೂಲೂ ಬರುವುದಿಲ್ಲ. ಬಂದವರಿಗೂ ಗುಮಾನಿ: ಸಾಗವಾನಿ ಕುರ್ಚಿ ಅದಲುಬದಲಾದರೆ? ಕೆಲಸ ಮುಗಿಯುವವರೆಗೆ ಎದುರಿಗೇ ಕಾವಲು ಕೂರುತ್ತಾರೆ. ಅದಕ್ಕೇ ಸಖೂಬಾಯಿ ಮೆತ್ತೆಯೊಳಗಿನ ಹಳೆಯ ನಾರನ್ನೂ ಚೀಲದಲ್ಲಿ ಕಟ್ಟಿ ಕುರ್ಚಿಯೊಂದಿಗೆ ಮರಳಿಸುತ್ತಾರೆ.

ತಿಕೋಟಾದ ನೀಲಾಬಾಯಿ ತಮ್ಮ ಗಂಡ ಬಸಗೊಂಡಪ್ಪನವರ ಕುರ್ಚಿ ತಂದಾಗಲೂ ಹೀಗೆಯೇ ಕಾವಲು ಕೂತಿದ್ದರು. ಹೋಗುವಾಗ "ಈ ಕಸ ಯಾಕವಾ?" ಎಂದು ಚೀಲ ಬಿಟ್ಟು ಹೋದರು. ಮನೆಯಲ್ಲಿ ಬಸಗೊಂಡಪ್ಪ ಕೂತರು, ಕೂತಷ್ಟೇ ಬೇಗ ಎದ್ದರು.

"ಇದು ನನ್ನ ಕುರ್ಚಿ ಅಲ್ಲ. ಬದಲಿ ಮಾಡ್ಯಾರ."

"ನಾ ಅಲ್ಲೇ ಕುಂತಿದ್ನಿ."

"ನೀ ತೂಕಡಿಸಿರಬೇಕು."

ಕಾವಲು ಕೂತಾಗ ಊಟವಾದ ಮೇಲೆ ನೀಲಾಬಾಯಿಗೆ ನಿಜವಾಗಿಯೂ ಒಂದು ಜೊಂಪು ಹತ್ತಿತ್ತು. ಅಲ್ಲಿಗೆ ಅವರಿಗೂ ಸಂಶಯ ಹೊಕ್ಕಿತು. ಮಾತು ಚೌಕದವರೆಗೂ ಬಂತು. ಇಬ್ಬರು ಗಿರಾಕಿಗಳು ಅರ್ಧ ಬಿಚ್ಚಿದ ಕುರ್ಚಿಗಳನ್ನೇ ಹೊತ್ತುಕೊಂಡು ಹೋದರು. ಹೆಸರು ಹೋದರೆ ಈ ಕಸುಬೂ ಹೋಯಿತೆಂದು ಸಖೂಬಾಯಿ ನಿಜಕ್ಕೂ ಹೆದರಿದರು.

ಬಿಟ್ಟುಹೋದ ಚೀಲ ಬಿಚ್ಚಿ ನೋಡಿದರೆ ನಾರು ಎಡಗಡೆ ಮಾತ್ರ ಸವೆದ ಚಪ್ಪಲಿಯಂತೆ ತೆಳ್ಳಗಾಗಿತ್ತು. ಅದನ್ನು ಹಿಡಿದು ತಿಕೋಟಾದ ಬಸ್ಸು ಹತ್ತಿದರು. ಬಾಗಿಲು ತೆರೆಯಲು ಬಂದ ಬಸಗೊಂಡಪ್ಪ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ವರ್ಷಗಟ್ಟಲೆ ಹಾಗೆಯೇ ಕೂತು ಕುರ್ಚಿಯನ್ನು ಪಳಗಿಸಿದ್ದರು. ಸಖೂಬಾಯಿ ಅದನ್ನು ಸಪಾಟು ಮಾಡಿದ್ದರು. ಅಲ್ಲೇ ಪಡಸಾಲೆಯಲ್ಲಿ ಮೊಳೆ ಕಿತ್ತು, ಹಳೆಯ ನಾರನ್ನು ಇದ್ದಂತೆಯೇ ಕೂಡಿಸಿ, ಮೇಲೆ ತೆಳುವಾದ ಫೋಮ್ ಹಾಸಿ ಹೊಲಿದರು.

ಬಸಗೊಂಡಪ್ಪ ಕೂತು, ಕುರ್ಚಿಯ ತೋಳಿನ ಮೇಲೆ ಕೈ ಸವರಿದರು.

"ಹಾಂ, ಇದು ನಂದು. ಮತ್ತ ಮೊದಲ ಕಳಿಸಿದ್ದು ಯಾರದವಾ?"

ಅದನ್ನು ಹೇಳಿ ಸಖೂಬಾಯಿ ನಗುತ್ತಾರೆ. "ಅನ್ಲಿ ಬಿಡ್ರಿ, ಕುಂತಾರಲ್ಲ. ನನ್ನ ಆಸೆ ಒಂದ ಐತಿ. ಒಬ್ಬರರೆ ಕುರ್ಚಿ ಇಟ್ಟು, ಕಾವಲು ಕುಂದ್ರದ ಹೋಗಬೇಕು."

ಕಳೆದ ವಾರ ನೀಲಾಬಾಯಿ ಇನ್ನೊಂದು ಕುರ್ಚಿ ತಂದಿಳಿಸಿ, "ಸಂತಿ ಮಾಡ್ಕೊಂಡು ಬರ್ತೀನಿ" ಎಂದು ಹೊರಟೇಬಿಟ್ಟರು. ಸಖೂಬಾಯಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಏನೋ ಮೋಸವಿರಬೇಕೆಂದು ಕುರ್ಚಿ ಬೋರಲು ಹಾಕಿ ಕಾಲು, ಕೀಲು, ಪಟ್ಟಿ ಎಲ್ಲ ತಡವಿದರು. ಎಲ್ಲಿಯೂ ಐಬಿಲ್ಲ.

"ಖೋಟಾ ಏನೂ ಇಲ್ರಿ," ಎಂದರು, ಇನ್ನೂ ನಂಬಲಾಗದೆ. "ಸುಮ್ಮನ ನಂಬಿ ಹೋಗ್ಯಾರ."