ಹೆಸರು ಕಾಣದ ಸವಾಲು

ಹಳೆಯ ಪಾತ್ರೆ ಮಾರಲು ಬಂದವರು ಯಾರು ಎನ್ನುವುದು ಅವರು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತದೆ. ಹೊಸದು ಕೊಳ್ಳುವವರು ಕೈಬೀಸಿಕೊಂಡು ಬರುತ್ತಾರೆ. ಇವರು ಚೀಲವನ್ನು ಕಂಕುಳಿಗೆ ಅವುಚಿಕೊಂಡು, ಬೀದಿಯ ಆಚೆ ಈಚೆ ನೋಡಿಕೊಂಡು ಬರುತ್ತಾರೆ. ನರಸಿಂಹರಾಜಪುರದ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ: ಹಳೆಯ ತಾಮ್ರ, ಹಿತ್ತಾಳೆ, ಕಂಚು ತಕ್ಕಡಿಗೆ ಬೀಳುತ್ತದೆ, ತೂಕಕ್ಕೆ ತಕ್ಕ ಹೊಸ ಸ್ಟೀಲು ಹೊರಗೆ ಹೋಗುತ್ತದೆ. ತಕ್ಕಡಿಗೆ ಇಡುವ ಮೊದಲು ಎಷ್ಟೋ ಹೆಂಗಸರು ಆ ಪಾತ್ರೆಯನ್ನು ಒಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅಮ್ಮನದು, ಅತ್ತೆಯದು, ಹೋದವರದು. ಆಮೇಲೆ ಅದು ನಮ್ಮ ಒಳಕೋಣೆ ಸೇರುತ್ತದೆ. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಗುಜರಿ ಗಾಡಿ ಬಂದು ಎಲ್ಲವನ್ನೂ ತುಂಬಿಕೊಂಡು ಕರಗಿಸಲು ಒಯ್ಯುತ್ತದೆ. ಪಾತ್ರೆಗೂ ಒಂದು ಆಯುಸ್ಸು, ಅದು ಮುಗಿಯುವುದು ಹೀಗೆಯೇ ಎಂದು ನಾನೂ ನಂಬಿದ್ದೆ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಈ ವರ್ಷ ನಡೆದದ್ದನ್ನು ಬರೆಯದೆ ಇರಲಾರೆ. ಹಾಲು ಉಕ್ಕುವಾಗ ತಟ್ಟೆ ಮುಚ್ಚಿದರೆ ನಿಲ್ಲುತ್ತದೆಯೇ?

ಇದೆಲ್ಲ ನನ್ನ ಮೊಮ್ಮಗಳ ಕೆಲಸ. ಮಗ ಸೊಸೆ ಬಾಳೆಹೊನ್ನೂರಿನಲ್ಲಿ ಹೋಟೆಲು ನಡೆಸುತ್ತಾರೆ. ಮೊಮ್ಮಗಳು ನಮ್ಮ ಜೊತೆಗಿದ್ದು ಕಾಲೇಜು ಮುಗಿಸಿದವಳು. ಮುಂದೆ ಏನು ಎಂದು ಕೇಳಿದರೆ, "ಅಂಗಡೀಲಿ ಕೂರ್ತೀನಿ" ಎಂದಳು. ನಮ್ಮ ಯಜಮಾನರು ಮಾತು ಬದಲಿಸಿದರು. ಕಾರಣ ನನಗೆ ಗೊತ್ತಿತ್ತು. ಹುಡುಗಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡು, ಅವಳು ಕಣ್ಣು ಮುಚ್ಚಿ ಎಳೆದ ಮೇಲೆ ಉಳಿದದ್ದು ಬರುತ್ತದೆ. ಇಲ್ಲಿ ಅವಳ ಮಾತನ್ನು ಸರಾಗವಾಗಿಯೇ ಬರೆದಿದ್ದೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳುವುದು.

ಯಜಮಾನರು ಕೆಟ್ಟವರಲ್ಲ. "ವ್ಯಾಪಾರ ಅಂದ್ರೆ ಬಾಯಿ ಕಣೇ" ಎನ್ನುತ್ತಿದ್ದರು ನನ್ನ ಹತ್ತಿರ. "ಅವಳನ್ನ ಗಲ್ಲಾ ಪೆಟ್ಟಿಗೆ ಮುಂದೆ ಕೂರಿಸಿದ್ರೆ ಜನ ಆಡ್ಕೊಳ್ತಾರೆ. ನೋಯೋದು ಅವಳೇ." ಅವರು ಹೇಳಿದ್ದು ಸುಳ್ಳೂ ಆಗಲಿಲ್ಲ. ಒಂದು ದಿನ ಇಡ್ಲಿ ಪಾತ್ರೆ ಕೊಳ್ಳಲು ಬಂದ ಹೆಂಗಸೊಬ್ಬಳು, "ಏನೇ, ರೇಟು ಹೇಳೋಕೆ ಮುಹೂರ್ತ ನೋಡ್ಬೇಕಾ?" ಎಂದು ನಕ್ಕಳು. ಹುಡುಗಿ ಎದ್ದು ಒಳಕೋಣೆಗೆ ಹೋದಳು. ಅಳುತ್ತಿದ್ದಾಳೇನೋ ಎಂದು ಹಿಂದೆಯೇ ಹೋದೆ. ಹುಣಸೆಹಣ್ಣು ಹಚ್ಚಿ ಕಂಚಿನ ಬಟ್ಟಲೊಂದನ್ನು ತಿಕ್ಕುತ್ತಾ ಕೂತಿದ್ದಳು. ಕಪ್ಪು ಬಿಟ್ಟ ಕಡೆ ಬಟ್ಟಲು ಬೆಳಗಿನ ಬಿಸಿಲಿನ ಹಾಗೆ ಹೊಳೆಯುತ್ತಿತ್ತು.

"ಇದನ್ನ ಯಾಕಜ್ಜಿ ಕರಗಿಸ್ಬೇಕು?" ಎಂದಳು.

ಅವಳ ತಲೆಯಲ್ಲಿದ್ದದ್ದು ಫೋನಿನ ಹರಾಜು. ಪಾತ್ರೆಯ ಫೋಟೋ ಹಾಕಬೇಕು, ಬೇಕಾದವರು ಸವಾಲು ಹಾಕಬೇಕು, ಅಂದರೆ ಬೆಲೆ ಕೂಗಬೇಕು, ಹೆಚ್ಚು ಕೂಗಿದವರಿಗೆ ಕೊಡಬೇಕು. ಫೋನಿನಲ್ಲೇ ಇರುವ, ದೇಶಕ್ಕೆಲ್ಲ ಗೊತ್ತಿರುವ ದೊಡ್ಡ ದೊಡ್ಡ ಜಾಗಗಳಲ್ಲಿ ಮೊದಲು ಹಾಕಿ ನೋಡಿದಳು. ಅಲ್ಲಿ ನಾವು ಹಾಕಿದ ಹಿತ್ತಾಳೆ ಗಿಂಡಿ ಭತ್ತದ ರಾಶಿಗೆ ಎಸೆದ ಒಂದು ಕಾಳಿನ ಹಾಗೆ ಕಾಣೆಯಾಯಿತು. ಕೊನೆಗೆ ತಾನೇ ಒಂದು ಸಣ್ಣದನ್ನು ಮಾಡಿದಳು, ಕೊಪ್ಪ, ಶೃಂಗೇರಿ, ನಮ್ಮ ನರಸಿಂಹರಾಜಪುರ, ಈ ಮೂರು ತಾಲ್ಲೂಕಿನವರಿಗಾಗಿ.

"ಸೈಟ್ ಮಾಡಿದೀನಿ ಅಜ್ಜ" ಎಂದಳು ಊಟಕ್ಕೆ ಕೂತಾಗ.

"ಎಷ್ಟಕ್ಕೆಷ್ಟು? ಥರ್ಟಿ ಫಾರ್ಟಿಯಾ? ರಸ್ತೆ ಪಕ್ಕ ಇದೆಯಾ?" ಎಂದರು ಯಜಮಾನರು. ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕೆವು. ನಗು ನಿಂತ ಮೇಲೆ ಅವರು ಗಂಭೀರರಾದರು. "ನೋಡು ಪುಟ್ಟಿ, ಶಿವರಾತ್ರಿ ತನಕ ಒಳಕೋಣೆ ನಿಂದು. ಅಷ್ಟರಲ್ಲಿ ಜನ ಬಂದು ಕೊಂಡ್ರೆ ಅಂಗಡೀಲಿ ನಿಂಗೊಂದು ವ್ಯಾಪಾರ ಅಂತ ಒಪ್ಕೊತೀನಿ. ಇಲ್ಲದಿದ್ರೆ ಗಾಡಿ ತುಂಬ್ಸೋದೇ, ನೀನು ನಿಮ್ಮಪ್ಪನ ಹೋಟೆಲಿಗೆ ಹೋಗು. ಅಡುಗೆಮನೆ ಕಡೆ ಮಾತಾಡೋ ಕೆಲ್ಸ ಕಮ್ಮಿ."

ಹುಡುಗಿ ತಲೆಯಾಡಿಸಿದಳು. ಆ ಕೊನೆಯ ಮಾತು ಅವಳಿಗೆ ಎಲ್ಲಿ ತಾಗಿತು ಎಂದು ನನಗೆ ಕಂಡಿತು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮನೆ ಕಟ್ಟಿದ ಮಾತ್ರಕ್ಕೆ ನೆಂಟರು ಬರುವುದಿಲ್ಲ. ಸಣ್ಣ ಜಾಗ, ಯಾರಿಗೂ ಗೊತ್ತಿಲ್ಲ. ಹಾಗಾಗಿ ನಾವಿಬ್ಬರೂ ಬಸ್ಸು ಹತ್ತಿದೆವು. ಕೊಪ್ಪ, ಹರಿಹರಪುರ, ಶೃಂಗೇರಿ. ಬೇಕರಿ, ಹಿಟ್ಟಿನ ಗಿರಣಿ, ಟೈಲರ್ ಅಂಗಡಿ, ಎಲ್ಲಿ ಜನ ಕಾಯುತ್ತಾ ನಿಲ್ಲುತ್ತಾರೋ ಅಲ್ಲೆಲ್ಲ ಒಂದೊಂದು ಚೀಟಿ ಅಂಟಿಸಿದೆವು. ಚೀಟಿ ಅಂಟಿಸುವುದು ಅವಳು, ಬಾಯಿ ನಾನು. ಅವಳು ಇನ್ನೊಂದು ಉಪಾಯವನ್ನೂ ಮಾಡಿದ್ದಳು. ಕಂಚಿನ ಬಟ್ಟಲನ್ನು ಉಗುರಿನಿಂದ ಮೀಟಿ, ಆ ನಾದವನ್ನು ಫೋನಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಬಿಟ್ಟಳು. ಒಳ್ಳೆಯ ಕಂಚು ಎಷ್ಟು ಹೊತ್ತು ಗುಂಯ್ ಎನ್ನುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಕೇಳಿಸಿಕೊಂಡವರು ಇನ್ನೊಬ್ಬರಿಗೆ ಕಳಿಸಿದರು. ಜನ ನೋಡಲು ಬಂದರು.

ನೋಡಿದರು, ಅಷ್ಟೇ. ಊರಿನ ಹರಾಜಿನಲ್ಲಿ ಸರ್ಕಾರಿ ಸವಾಲು ಅಂತ ಒಂದು ಮೊದಲ ಬೆಲೆ ಇಡುತ್ತಾರಲ್ಲ, ಹಾಗೆ ಇವಳೂ ಇಟ್ಟಿದ್ದಳು. ಅದರ ಮೇಲೆ ಒಬ್ಬರು ಕೂಗುತ್ತಿದ್ದರು. ಮುಗಿಯಿತು. ಎರಡನೆಯವರು ಇಲ್ಲವೇ ಇಲ್ಲ. ಗಿಂಡಿ, ಚೊಂಬು, ಕೊಳಗ, ಯಾವುದನ್ನು ಹಾಕಿದರೂ ಇದೇ ಕತೆ. "ತೂಕಕ್ಕೆ ಹಾಕಿದ್ರೂ ಇಷ್ಟೇ ಬರ್ತಿತ್ತಲ್ಲ ಪುಟ್ಟಿ" ಎಂದರು ಯಜಮಾನರು, ಮೆಲ್ಲಗೆ. ಗದರಿದ್ದರೆ ವಾಸಿಯಿತ್ತು. ಹುಡುಗಿ ಅನ್ನ ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ಬಾಳೆಹೊನ್ನೂರಿಗೆ ಒಯ್ಯುವ ಬಟ್ಟೆಯನ್ನು ಮಡಿಸಿ ಇಟ್ಟುಕೊಂಡದ್ದನ್ನೂ ನೋಡಿದೆ.

ಇದರ ಗುಟ್ಟು ತಿಳಿದದ್ದು ಕಡಹಿನಬೈಲಿನಲ್ಲಿ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಎಲೆಯ ಮುಂದೆ ಪಕ್ಕದಲ್ಲಿ ಕೂತ ಪರಿಚಯದ ಹೆಂಗಸು ಕೇಳಿದಳು, "ನಿಮ್ಮ ಮೊಮ್ಮಗಳ ಗಿಂಡಿ ಹೋಯ್ತಾ ಅಕ್ಕಾ? ದಿನಾ ತೆಗ್ದು ನೋಡ್ತಿದ್ದೆ. ಎಂತಾ ಚಂದ ಇತ್ತು ಮಾರಾಯ್ತಿ."

"ಅಷ್ಟು ಬೇಕಿದ್ರೆ ಸವಾಲು ಹಾಕೋಕೇನಾಗಿತ್ತೇ ನಿಂಗೆ?"

"ಅಯ್ಯೋ, ಹೆಂಗೆ ಹಾಕೋದು? ಮೇಷ್ಟ್ರು ಹಾಕಿದಾರೆ ಅಂತ ಹೆಸರು ಕಾಣ್ತಿತ್ತಲ್ಲ. ನನ್ನ ಮಕ್ಕಳಿಗೆ ಅಕ್ಷರ ಕಲಿಸಿದೋರು. ಅವರ ಮೇಲೆ ಏರಿಸ್ಲಾ? ನಾಳೆ ಪೇಟೇಲಿ ಎದುರು ಸಿಕ್ರೆ ಮುಖ ಎಲ್ಲಿಡ್ಲಿ?"

ನನ್ನ ಕೈಯಲ್ಲಿದ್ದ ಹೋಳಿಗೆ ಹಾಗೆಯೇ ನಿಂತಿತು. ಆಚೆ ಪಕ್ಕದವಳನ್ನು ಕೇಳಿದೆ. ಅವಳಿಗೂ ಕೊಳಗದ ಮೇಲೆ ಮನಸ್ಸಿತ್ತಂತೆ. ಆದರೆ ಸವಾಲು ಹಾಕಿದವರು ನಾದಿನಿಯ ಮಾವನಂತೆ. ಅಂದರೆ ನಮಗೆ ಗಿರಾಕಿಗಳಿಲ್ಲ ಎಂದಲ್ಲ! ಗಿರಾಕಿಗಳಿದ್ದಾರೆ, ಅವರ ನಡುವೆ ದಾಕ್ಷಿಣ್ಯ ಕೂತಿದೆ. ಒಬ್ಬರಿಗೊಬ್ಬರು ಗೊತ್ತಿರುವ ಊರುಗಳು. ಹೆಸರು ನೋಡುತ್ತಾರೆ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಹುಡುಗಿ ರಾತ್ರಿಯೇ ಫೋನು ಹಿಡಿದು ಕೂತಳು. ಮರುದಿನ ಹೆಸರುಗಳನ್ನೆಲ್ಲ ಮುಚ್ಚಿ ಒಬ್ಬೊಬ್ಬರಿಗೂ ಒಂದೊಂದು ಮರದ ಹೆಸರು ಇಟ್ಟಳು. ಹಲಸು, ನೇರಳೆ, ಹೊನ್ನೆ, ಮತ್ತಿ, ನಂದಿ. ಹರಾಜಿನಿಂದ ಹರಾಜಿಗೆ ಮರ ಬದಲಾಗುತ್ತದೆ, ಯಾವ ಮರ ಯಾರು ಎಂದು ಅವಳಿಗೆ ಮಾತ್ರ ಗೊತ್ತು.

ಈಗ ಬೇರೆ ಗೋಳು ಶುರುವಾಯಿತು. ಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಾಹೇಬರೊಬ್ಬರಿದ್ದಾರೆ. ನಮ್ಮ ಯಜಮಾನರಿಗೆ ಹಳೆಯ ಸ್ನೇಹ. ನಾವು ಹೋದಾಗ ಟೀ ತರಿಸಿ ಕೊಟ್ಟು ನೇರವಾಗಿಯೇ ಕೇಳಿದರು.

"ಅಮ್ಮಾ, ಈ ಹೊನ್ನೆ ಅಂದ್ರೆ ನಿಮ್ಮ ಯಜಮಾನ್ರೇ ಅಲ್ವಾ? ಒಳಗೆ ಕೂತು ರೇಟು ಏರಿಸ್ತಿದಾರೆ."

"ಅವರಿಗೆ ಫೋನಲ್ಲಿ ಹಲೋ ಅನ್ನೋದು ಬಿಟ್ಟು ಬೇರೇನೂ ಬರಲ್ಲ ಸಾಹೇಬ್ರೆ" ಎಂದೆ.

"ಅದು ನಂಗೊತ್ತು. ಊರಿಗೆ ಗೊತ್ತಾ? ಮುಖ ಇಲ್ಲದ ಸವಾಲನ್ನ ಯಾರು ನಂಬ್ತಾರೆ?"

ಉತ್ತರ ಕೊಡಲು ನಾನು ಬಾಯಿ ತೆರೆಯುವುದರಲ್ಲಿದ್ದೆ. ಹುಡುಗಿ ನನ್ನ ಕೈ ಹಿಡಿದಳು. ಮಾತು ಹೊರಡಲು ಹೊತ್ತಾಯಿತು. ಸಾಹೇಬರು ಲೋಟ ಕೆಳಗಿಟ್ಟು ಕಾದರು.

"ನಡೀವಾಗ ಹೆಸರು ತೋರ್ಸಲ್ಲ. ಮುಗಿದ ಮೇಲೆ ಎಲ್ಲರ ಹೆಸರೂ ತೋರಿಸ್ತೀನಿ. ಗೊತ್ತಿಲ್ಲದೆ ಏರಿಸಿದ್ದಕ್ಕೆ ಯಾರೂ ಮುನಿಸ್ಕೊಳಲ್ಲ ಅಲ್ವಾ?"

ಸಾಹೇಬರು ಒಂದು ಕ್ಷಣ ಯೋಚಿಸಿ ಗಹಗಹಿಸಿ ನಕ್ಕರು. "ಕತ್ತಲಲ್ಲಿ ಕಾಲು ತುಳಿದ್ರೆ ಜಗಳ ಇಲ್ಲ ಅಂತೀಯ! ಸರಿ ಮಗಳೇ, ನಂಗೂ ಒಂದು ಮರ ಕೊಡು."

ಮುಗಿದ ಮೇಲೆ ಹೆಸರು ತೆರೆಯುವ ಈ ಹೊಸ ನಿಯಮದಲ್ಲಿ ಮೊದಲು ಹರಾಜಿಗೆ ಇಟ್ಟದ್ದು ತಾಮ್ರದ ಹಂಡೆ, ಸ್ನಾನದ ನೀರು ಕಾಯಿಸುವಂಥದ್ದು. ಒಳಕೋಣೆಯಲ್ಲಿದ್ದ ಪಾತ್ರೆಗಳಲ್ಲೆಲ್ಲ ದೊಡ್ಡದು. ಫೋಟೋ ನೋಡಿ ಹಂಡೆ ಕೊಳ್ಳುವವರು ನಮ್ಮಲ್ಲಿ ಕಡಿಮೆ, ಮುಟ್ಟಿ ನೋಡಬೇಕು. ಹಾಗಾಗಿ ಮುಗಿಯುವ ದಿನ ಭಾನುವಾರ, ಬಂದು ನೋಡಬಹುದು ಎಂದು ಬರೆದಿದ್ದಳು. ಹಿಂದಿನ ಸಂಜೆಯೇ ಹಂಡೆಯ ತುಂಬ ನೀರು ತುಂಬಿಸಿ, ಅಡಿಗೆ ಒಣ ಗೋಣಿ ಹಾಸಿ, ಅಂಗಡಿಯ ನಡುವೆ ಇಟ್ಟಳು.

ಭಾನುವಾರ ಬಂದ ಜನ ಮೆಟ್ಟಿಲ ತನಕ ನಿಂತಿದ್ದರು. ಗಿಂಡಿಗೆ ಸವಾಲು ಹಾಕಿದ್ದ ಮೇಷ್ಟ್ರೂ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಶೃಂಗೇರಿಯಲ್ಲಿ ವಸತಿಗೃಹ ನಡೆಸುವವರೊಬ್ಬರು ಹಂಡೆಯ ಸುತ್ತ ಬಂದು, "ಏನಮ್ಮಾ, ಒಲೆ ಮೇಲಿಟ್ರೆ ಸೋರಲ್ಲ ಅಂತ ಏನು ಗ್ಯಾರಂಟಿ?" ಎಂದರು.

ಹುಡುಗಿ ಕಣ್ಣು ಮುಚ್ಚಿದಳು. ಅಕ್ಷರ ಸಿಕ್ಕಿಕೊಂಡಿತು. ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಅವಳ ಮಾತನ್ನು ನಾನೇ ಮುಗಿಸಿಬಿಡಲೇ ಎಂದು ನನ್ನ ನಾಲಿಗೆ ತುದಿ ತುರಿಸುತ್ತಿತ್ತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಯಜಮಾನರು ಗಲ್ಲಾ ಪೆಟ್ಟಿಗೆಯ ಮುಂದೆ ಕಲ್ಲಿನ ಹಾಗೆ ಕೂತಿದ್ದರು.

"ನಿನ್ನೆ ಸಂಜೆಯಿಂದ ನೀರಿದೆ. ಗೋಣಿ ಮುಟ್ಟಿ ನೋಡಿ. ಕಂಠದ ಹತ್ರ ಒಂದು ಕಡೆ ಬೆಸುಗೆ ಹಾಕಿದಾರೆ, ಅದನ್ನೂ ನೋಡ್ಕೊಳಿ."

ಅವರು ಬಗ್ಗಿ ಹಂಡೆಯ ಅಡಿಗೆ ಕೈ ಹಾಕಿ ಗೋಣಿ ಮುಟ್ಟಿದರು. ಕೈ ಒದ್ದೆಯಾಗಿರಲಿಲ್ಲ. ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು.

ಆಮೇಲೆ ಸವಾಲು ಹೇಗೆ ಏರಿತು ಎಂದು ನಾನು ಹೇಳಲಾರೆ! ಅಂಗಡಿಯಲ್ಲಿ ನಿಂತವರೇ ಒಬ್ಬರಿಗೊಬ್ಬರು ಬೆನ್ನು ಹಾಕಿ ಫೋನು ಒತ್ತುತ್ತಿದ್ದರು. ಯಜಮಾನರು ಹುಡುಗಿಯ ಹೆಗಲ ಮೇಲಿಂದ ಇಣುಕಿ, "ಹಲಸು ಮೇಲೆ ಹೋಯ್ತು! ಹೊನ್ನೆ ಎಲ್ಲಿ ಸತ್ತ? ಆ, ಬಂದ ಬಂದ!" ಎಂದು ಕೂಗುತ್ತಿದ್ದರು. ಕೊನೆಗೆ ಹಲಸಿಗೆ ಹಂಡೆಯಾಯಿತು. ಹುಡುಗಿ ಹೆಸರು ತೆರೆದಳು. ಹಲಸು ಕೊಪ್ಪದ ಸಾಹೇಬರು. ಅವರ ಜೊತೆ ಕೊನೆಯ ತನಕ ಜಿದ್ದಿಗೆ ಬಿದ್ದ ಹೊನ್ನೆ, ಬೆಂಚಿನ ತುದಿಯ ಮೇಷ್ಟ್ರು.

ಕೂಡಲೇ ಕೊಪ್ಪದಿಂದ ಸಾಹೇಬರ ಫೋನು ಬಂತು, ಹುಡುಗಿ ಸ್ಪೀಕರ್ ಹಾಕಿ ಮೇಷ್ಟ್ರ ಮುಂದೆ ಹಿಡಿದಳು. "ಮೇಷ್ಟ್ರೇ, ನೀವಾ ಮಾರಾಯ್ರೆ! ನಿಮ್ಮ ಕೈಲಿ ಏಟು ತಿಂದೋನು ನಾನು. ಗೊತ್ತಿದ್ರೆ ಅಲ್ಲೇ ಬಿಡ್ತಿದ್ದೆ."

"ಅದಕ್ಕೇ ಗೊತ್ತಾಗದ ಹಾಗೆ ಮಾಡಿದಾಳೆ ಹುಡುಗಿ" ಎಂದರು ಮೇಷ್ಟ್ರು. "ತಗೊಂಡು ಹೋಗಯ್ಯಾ. ಮಗ್ಗಿ ಬರದಿದ್ರೂ ಹರಾಜು ಬರುತ್ತೆ ನಿಂಗೆ."

ಶಿಷ್ಯ ಮೇಷ್ಟ್ರನ್ನು ಸೋಲಿಸಿದ ಕತೆ ಬಸ್ಸು ಹತ್ತಿ ನಮ್ಮ ಚೀಟಿಗಳು ಹೋಗದ ಊರಿಗೂ ಹೋಯಿತು. ಕತೆ ಕೇಳಿದವರು ಫೋನು ತೆರೆದು ನೋಡಿದರು. ನೋಡಿದವರು ಮರವಾದರು.

ಆ ದಿನಗಳಲ್ಲಿ ಬಂದ ಒಂದು ಮಾತು ಮಾತ್ರ ನನ್ನ ಎದೆಯಲ್ಲಿ ಕೂತಿದೆ. ಬೇಗಾರಿನ ಕಡೆಯ ಹೆಂಗಸೊಬ್ಬರು ಕಂಚಿನ ಬಟ್ಟಲನ್ನು ಗೆದ್ದರು. ತೆಗೆದುಕೊಂಡು ಹೋಗಲು ತಾವೇ ಬಂದರು. ಬಟ್ಟಲಿನ ಅಂಚಿನಲ್ಲಿ, ಹಿಂದಿನವರು ಕೊರೆಸುತ್ತಿದ್ದಂತೆ, ಯಾವುದೋ ಹೆಣ್ಣಿನ ಹೆಸರಿತ್ತು. "ನಿಮ್ಮ ಕಡೆಯವರಾ?" ಎಂದು ಕೇಳಿದೆ.

"ಅಲ್ಲಮ್ಮ. ನಮ್ಮಮ್ಮಂದು ತೂಕಕ್ಕೆ ಹಾಕಿ ಕರಗಿಹೋಗಿ ಎಷ್ಟು ವರ್ಷ ಆಯ್ತೋ. ಇದು ಯಾರ ಅಮ್ಮಂದೋ. ಇರ್ಲಿ, ಒಬ್ಬರದಾದ್ರೂ ಉಳೀಲಿ." ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು. ಹುಡುಗಿಯೂ ನಾನೂ ಅವರು ತಿರುವು ದಾಟುವ ತನಕ ನೋಡುತ್ತಾ ನಿಂತೆವು. ನಮ್ಮ ತಕ್ಕಡಿಯ ಮೇಲೆ ಎಷ್ಟು ಅಮ್ಮಂದಿರು ಹೋಗಿದ್ದಾರೋ.

ಶಿವರಾತ್ರಿಯ ಉಪವಾಸ, ಜಾಗರಣೆ ಮುಗಿಯಿತು. ಮೂರನೆಯ ದಿನ ಗುಜರಿ ಗಾಡಿ ಬಂದು ಅಂಗಡಿಯ ಮುಂದೆ ಗಡಗಡ ಎನ್ನುತ್ತಾ ನಿಂತಿತು. ಒಳಕೋಣೆ ಪೂರ್ತಿ ಖಾಲಿಯಾಗಿರಲಿಲ್ಲ. ಮಾರಿ ಉಳಿದದ್ದು ಅರ್ಧಕ್ಕೂ ಹೆಚ್ಚಿತ್ತು. ಯಜಮಾನರು ಏನು ಹೇಳುತ್ತಾರೋ ಎಂದು ಒಳಕೋಣೆಯ ಬಾಗಿಲಲ್ಲೇ ನಿಂತೆ.

"ತುಂಬ್ಸೋಣಾ ಯಜಮಾನ್ರೇ?" ಎಂದ ಗಾಡಿಯವನು, ಸೀಟಿನಿಂದಲೇ.

ಯಜಮಾನರು ಗಲ್ಲಾ ಪೆಟ್ಟಿಗೆಯ ಮುಂದಿನಿಂದ ಎದ್ದು, ಹುಡುಗಿಯನ್ನು ಅಲ್ಲಿ ಕೂರಿಸಿ, ತಾವು ಪಕ್ಕದ ಸ್ಟೂಲಿನ ಮೇಲೆ ಕೂತರು. "ಯಾವ್ದು ಕೊಡೋದು, ಯಾವ್ದು ಬಿಡೋದು, ನಂಗೆ ಗೊತ್ತಿಲ್ಲ ಮಾರಾಯ. ಅದು ಅವಳ ವ್ಯಾಪಾರ. ಅವಳನ್ನ ಕೇಳು."

ಹುಡುಗಿ ಬಾಯಿ ತೆರೆದಳು. ಮೊದಲ ಅಕ್ಷರ ಎಂದಿನಂತೆ ಸಿಕ್ಕಿಕೊಂಡಿತು. ಗಾಡಿಯವನು ಅವಳ ಮುಖ ನೋಡಿದ. ಕೈಚಾಚಿ ಇಂಜಿನ್ ಆರಿಸಿದ. ಸೀಟಿನಿಂದ ಇಳಿದು ಮೆಟ್ಟಿಲಿನ ಹತ್ತಿರ ಬಂದು, "ಹೇಳಿ ಅಕ್ಕ" ಎಂದು ನಿಂತುಕೊಂಡ.