ಮೂತಿಯ ಹದಿನಾಲ್ಕು ಮೊಳೆ

ಅಮೆರಿಕದ ಮೈನ್ ಸೀಮೆಯ ಒಂದು ಸರೋವರದ ದಂಡೆಯಲ್ಲಿ ಹಳೇ ದೋಣಿ ಕೆಟ್ಟರೆ ಹಾಲಿಸ್ ಕ್ರಾಕೆಟ್‌ನ ಕೊಟ್ಟಿಗೆಗೇ ತರಬೇಕು. ತಂದವರು ಮೊದಲು ಬೈಸಿಕೊಳ್ಳಬೇಕು. ಎಪ್ಪತ್ತೊಂದರ ಮುದುಕ. ಸೀಡರ್ ಮರದ ಹಲಗೆಯ ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿದು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಬಾಯಿ ಮಾತ್ರ ಬಚ್ಚಲು. ಅವನನ್ನು ಕಂಡರೆ ಊರಿಗೆ ಆಗುತ್ತಿರಲಿಲ್ಲ, ಊರನ್ನು ಕಂಡರೆ ಅವನಿಗೂ ಅಷ್ಟೇ.

ಎಲ್ಲರಿಗಿಂತ ಹೆಚ್ಚು ಉರಿ ತಮ್ಮ ಮರ್ಟನ್ ಮೇಲೆ. ಅಪ್ಪ ಸತ್ತ ಮೇಲೆ ಅಪ್ಪನ ದೋಣಿ ಮರ್ಟನ್ ಪಾಲಿಗೆ ಬಂತು. ಆ ಪುಣ್ಯಾತ್ಮ ಕ್ಯಾನ್ವಾಸ್ ಕಿತ್ತು ಫೈಬರ್‌ಗ್ಲಾಸ್ ಬಳಿದುಬಿಟ್ಟ. ಅದರೊಳಗೆ ನೀರು ಹೊಕ್ಕರೆ ಆರುವುದಿಲ್ಲ, ಮರ ಕೊಳೆಯುತ್ತದೆ. ಚರ್ಚಿನ ಶನಿವಾರದ ಬೀನ್ಸ್ ಊಟದಲ್ಲಿ, ಊರ ಮುಂದೆ, ಹಾಲಿಸ್ ಅವನನ್ನು ಅಪ್ಪನ ದೋಣಿ ಕೊಂದ ಪಾಪಿ ಎಂದು ಬೈದ. ಅಂದಿನಿಂದ ಹತ್ತೊಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ.

ಈಗ ಅದೇ ದೋಣಿಯನ್ನು ಗಾಡಿಗೆ ಹೇರಿಕೊಂಡು ಮರ್ಟನ್ ಬಂದಿದ್ದ. ದೋಣಿಯ ಮುಂತುದಿ, ಆ ಚೂಪು ಮೂತಿ, ಕೊಳೆತು ಸೋರುತ್ತಿತ್ತು.

"ಇಲ್ಲೇ ಕೂತ್ಕೋ," ಅಂದ ಹಾಲಿಸ್. "ನಿನ್ನ ಪ್ಲಾಸ್ಟಿಕ್ಕು ಏನ್ ಮಾಡಿದೆ ಅಂತ ಕಣ್ಣಾರೆ ನೋಡು. ಆಮೇಲೆ ಊರಿಗೆಲ್ಲ ತೋರಿಸ್ತೀನಿ."

"ತೋರ್ಸು ಮೇಸ್ತ್ರಿ."

ಹಾಲಿಸ್ ಬಿಸಿ ಗಾಳಿ ಹಾಯಿಸಿ ಫೈಬರ್ ಸುಲಿಯುತ್ತ ಹೋದ. ನಡುವಿನ ಹಲಗೆಗಳು ಗಟ್ಟಿಯಾಗಿಯೇ ಇದ್ದವು. ಅದು ಅವನಿಗೆ ಹಿಡಿಸಲಿಲ್ಲ. ಮೂತಿಯ ಹತ್ತಿರ ಮರ ಕಪ್ಪಾಗಿ ಉದುರುತ್ತಿತ್ತು. ಕಪ್ಪಿನ ನಡುನಡುವೆ ತುಕ್ಕು ತಿಂದ ಮೊಳೆಗಳು. ಹಿತ್ತಾಳೆಯವಲ್ಲ, ಕಬ್ಬಿಣದವು. ಒಟ್ಟು ಹದಿನಾಲ್ಕು.

ಹಾಲಿಸ್‌ನ ಕೈ ನಿಂತಿತು. ಇಪ್ಪತ್ತೆರಡರ ವಯಸ್ಸಿನಲ್ಲಿ ಆ ಮೂತಿ ಕೂಡಿಸಿದವನು ಅವನೇ. ಹಿತ್ತಾಳೆ ಮೊಳೆ ಮುಗಿದಿತ್ತು, ಡಬ್ಬಿಯಲ್ಲಿ ಕಬ್ಬಿಣದ್ದಿತ್ತು. ಆಮೇಲೆ ಬದಲಿಸಿದರಾಯಿತು ಎಂದುಕೊಂಡು ಮೇಲೆ ಕ್ಯಾನ್ವಾಸ್ ಬಿಗಿದಿದ್ದ, ಮರೆತೇಬಿಟ್ಟಿದ್ದ. ನೀರಿಗಿಳಿಯುವ ಮರಕ್ಕೆ ಕಬ್ಬಿಣ ಹೊಡೆಯಬಾರದು, ತುಕ್ಕು ಮರವನ್ನೂ ತಿನ್ನುತ್ತದೆ ಎಂದು ಐವತ್ತು ವರ್ಷ ಊರಿಗೆಲ್ಲ ಬೈದ ಬಾಯಿ ಅವನದು. ಅವನು ತಮ್ಮನ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ?"

"ಅಪ್ಪಂಗೂ ಗೊತ್ತಿತ್ತು," ಅಂದ ಮರ್ಟನ್. "ಸಾಯೋ ಮುಂಚೆ ಹೇಳ್ದ, 'ಈ ವಿಷ್ಯ ಹೊರಗೆ ಬಿಡ್ಬೇಡ ಕಣೋ, ಅವನಿಗಿರೋದು ಆ ಕೈಕೆಲಸ ಒಂದೇ. ಗೊತ್ತಾದ್ರೆ ಯಾರೂ ದೋಣಿ ಕೊಡಲ್ಲ' ಅಂತ. ಹಳೇ ಕ್ಯಾನ್ವಾಸ್ ಹರಿದಿತ್ತು, ಬೇರೆಯವ್ರ ಹತ್ರ ಹೊಸದು ಹಾಕ್ಸಿದ್ರೆ ಬಯಲಾಗ್ತಿತ್ತು. ಅದಕ್ಕೇ ನಾನೇ ಫೈಬರ್ ಬಳಿದು ಮುಚ್ಚಿದೆ."

"ನಂಗಾದ್ರೂ ಹೇಳ್ಬೋದಿತ್ತಲ್ಲ."

"ಹೇಳೋಣ ಅಂತಾನೇ ಆವತ್ತು ಚರ್ಚಿನ ಊಟಕ್ಕೆ ಬಂದಿದ್ದೆ. ನೀನು ಬಾಯಿ ತೆಗೆದೆ. ಅಪ್ಪನ ಮಾತಿಗೆ ಸುಮ್ಮನಿದ್ದೆ ಅಷ್ಟೇ, ನಿನ್ನ ಮೇಲಿನ ಪ್ರೀತಿಗಲ್ಲ. ಬಿಚ್ಚೋನು ನೀನೇ ಆಗಿರ್ಲಿ ಅಂತ ಈಗ ತಂದೆ."

ಮರ್ಟನ್ ಎದ್ದು ಟೋಪಿ ಹಾಕಿಕೊಂಡ.

"ಇವತ್ತು ಶನಿವಾರ. ಐದೂವರೆಗೆ ಚರ್ಚಲ್ಲಿ ಊಟ. ಊರಿಗೆಲ್ಲ ತೋರಿಸ್ತೀನಿ ಅಂದ್ಯಲ್ಲ, ಬಾ."

ಅವನು ಹೋದ ಮೇಲೆ ಹಾಲಿಸ್ ಇಕ್ಕಳ ತೆಗೆದುಕೊಂಡು ಒಂದೊಂದೇ ಮೊಳೆ ಕಿತ್ತ. ಹದಿನಾಲ್ಕನ್ನೂ ಜೇಬಿಗೆ ಹಾಕಿಕೊಂಡು, ಅಂಗಿ ಬದಲಿಸಲು ಮನೆಯೊಳಗೆ ಹೋದ.