ಒಡೆಯದ ಬಟ್ಟಲು

ವಸುಧಾ ಆಂಟಿ, ಆ ಬಟ್ಟಲು ಒಡೆದಿರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಕೈಯಿಂದ ಅದನ್ನು ಕೆಳಗಿಡಿಸಿದೆ.

ನಿಮ್ಮೂರು ಪ್ಲಿಮತ್‌ನಲ್ಲಿ, ನಿಮ್ಮದೇ ಬಡಾವಣೆಯಲ್ಲಿ, ತೀರಿಕೊಂಡ ಯಾರದೋ ಮನೆಯ ಸಾಮಾನು ಮಾರುತ್ತಿದ್ದರು. ಡೆನ್ಮಾರ್ಕಿನ ಹಳೆಯ ಸ್ಟೋನ್‌ವೇರ್ ಮಣ್ಣಿನ ಪಾತ್ರೆಗಳನ್ನು ಕೂಡಿಡುವ ಹುಚ್ಚು ನನ್ನದು; ಅದಕ್ಕೆಂದೇ ವೆಸ್ಟ್‌ಮಂಟ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದೆ. ನೀವು ಸುಮ್ಮನೆ ಜೊತೆಗೆ ಬಂದವರು. ಆದರೂ ನಾನು ಹುಡುಕುತ್ತಿದ್ದಂಥ ಬಟ್ಟಲು ಮೊದಲು ಸಿಕ್ಕಿದ್ದು ನಿಮಗೆ — ಚೀನಾದ ಹಳೆಯ ಪಿಂಗಾಣಿಯಂಥ ತಿಳಿಹಸಿರು ಮೆರುಗು, ಅದರ ತುಂಬ ಕೂದಲೆಳೆಯ ಗೆರೆಗಳು.

"ಎಷ್ಟು ಚೆನ್ನಾಗಿದೆ ನೋಡೋ. ರಮ್ಯನ ಸೀಮಂತಕ್ಕೆ ಹೂವು ಇದರಲ್ಲೇ ಇಡ್ತೀನಿ."

ನನಗೆ ಬಂದದ್ದು ಅನುಮಾನ. ಇವರಿಗೆ ಇದರ ನಿಜವಾದ ಬೆಲೆ ಗೊತ್ತಿದೆ, ಮಗಳ ಸೀಮಂತ, ಹೂವು ಎಂಬ ಮಾತೆಲ್ಲ ಬರೀ ನಾಟಕ — ಕಾಲೇಜಿನ ಡಿಬೇಟ್ ನನಗೆ ಕಲಿಸಿದ್ದೇ ಹಾಗೆ ಯೋಚಿಸುವುದನ್ನು. ಎದುರಿನವರನ್ನು ಅವರ ನಂಬಿಕೆಯಿಂದಲೇ ಸೋಲಿಸಬೇಕು ಎಂಬುದನ್ನೂ.

"ಬಿರುಕು ಬಿಟ್ಟಿದೆಯಲ್ಲ ಆಂಟಿ. ಸೀಮಂತದ ಮನೆಗೆ ತಗೊಂಡು ಹೋಗ್ತೀರಾ?"

"ಅಪರೂಪಕ್ಕೆ ಕನ್ನಡ ಬಂತಲ್ಲೋ ನಿನ್ನ ಬಾಯಲ್ಲಿ," ಎಂದು ನಕ್ಕಿರಿ. ಆಮೇಲೆ ಬಟ್ಟಲನ್ನು ಇಟ್ಟು, ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಿರಿ.

ಕನ್ನಡ ಏಕೆ ಬಂತು, ಹೇಳುತ್ತೇನೆ. ಆ ಗೆರೆಗಳು ಕುಂಬಾರ ಬೇಕೆಂದೇ ಬರಿಸಿದವು. ಸುಟ್ಟದ್ದು ಆರುವಾಗ ಮೇಲಿನ ಮೆರುಗು ಮಾತ್ರ ಬಿರಿಯುತ್ತದೆ. ಬಟ್ಟಲಿಗೆ ಏನೂ ಆಗಿರುವುದಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದ್ದರೆ, ಪಕ್ಕದಲ್ಲೇ ನಿಂತಿದ್ದ ಮಾರುವಾಕೆ ನಿಮಗೆ ನಿಜ ಹೇಳಿಬಿಡುತ್ತಿದ್ದಳು. ಶಕುನಗಳನ್ನು ಗೇಲಿ ಮಾಡುತ್ತಿದ್ದ ನಾನೇ ಅಂದು ಅಪಶಕುನ ತೋರಿಸಿ ನಿಮ್ಮನ್ನು ಹೆದರಿಸಿದೆ — ನೀವು ಕಾರಿನತ್ತ ಹೋದ ಮೇಲೆ ಅದನ್ನು ಕೊಂಡೆ.

ಸೀಮಂತ ನಡೆಯಲಿಲ್ಲ. ರಮ್ಯಾಳ ಮಗು ಉಳಿಯಲಿಲ್ಲ.

ಕಳೆದ ವಾರ ಅಮ್ಮ ಫೋನಿನ ಸ್ಪೀಕರ್ ಹಾಕಿ ನಿಮ್ಮೊಡನೆ ಮಾತಾಡುತ್ತಿದ್ದಳು. ನಾನು ಅಲ್ಲೇ ಇದ್ದೆ.

"ಒಡಕು ಮುಟ್ಟಿದ ಕೈ ಕಣೇ ನಂದು. ಅವತ್ತೇ ಮನೆಗೆ ಬಂದು ಅವಳ ತಲೆ ಬಾಚಿದ್ದೆ. ಈಗ ಅವಳು ಮತ್ತೆ ಬಸುರಿ. ಈ ಸಲ ನಾನು ಅವಳ ಹತ್ರಾನೂ ಸುಳಿಯಲ್ಲ."

ಇಷ್ಟು ಕಾಲ ನೀವು ಇದನ್ನು ಹೊತ್ತುಕೊಂಡು... ಮುಟ್ಟಿದ್ದರಿಂದ ಹಾಗಾಗುವುದಿಲ್ಲ ಎಂದು ನಾನು ವಾದಿಸಬಲ್ಲೆ. ಆದರೆ ನನ್ನ ವಾದವನ್ನು ನೀವೇಕೆ ನಂಬಬೇಕು? ಅದರಲ್ಲಿ ನಿಮ್ಮನ್ನು ಬಿಡಿಸುವ ಆಸೆ ಎಷ್ಟು, ನಾನು ತಪ್ಪಿಸಿಕೊಳ್ಳುವ ಆಸೆ ಎಷ್ಟು — ನನಗೇ ಅನುಮಾನ.

ಶನಿವಾರ ಬಟ್ಟಲು ತರುತ್ತೇನೆ. ನೀರು ತುಂಬಿಸಿ ನೋಡಿ. ಒಂದು ಹನಿಯೂ ಸೋರುವುದಿಲ್ಲ. ನನ್ನನ್ನು ಒಳಗೆ ಕರೆಯಬೇಡಿ. ನೀವು ರಮ್ಯಾಳ ಹತ್ತಿರ ಹೋಗಿ, ಆಂಟಿ.